ಕೆಂಪು ದಾರದ ಬೆಣೆ

ಸುಟ್ಟ ಮೋಟಾರಿನ ವಾಸನೆ ಒಮ್ಮೆ ಮೂಗಿಗೆ ಹೊಕ್ಕರೆ ಮೂರು ದಿನ ಊಟ ಸೇರುವುದಿಲ್ಲ. ವಾರ್ನಿಷ್, ಸುತ್ತಿದ ಬಟ್ಟೆಪಟ್ಟಿ, ಹಳೆಯ ಗ್ರೀಸು, ಅದರ ಮೇಲೆ ಕೂತ ವರ್ಷಗಳ ಧೂಳು ಎಲ್ಲ ಸೇರಿ ಬೆಂದ ವಾಸನೆ ಅದು. ಸೋಪು ಹಚ್ಚಿ ಉಜ್ಜಿದರೂ ಹೋಗುವುದಿಲ್ಲ. ಮನೆಯಲ್ಲಿ ಹೆಂಡತಿ ನನ್ನ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ, ಅದೂ ಕೋಲಿನಿಂದ ಎತ್ತಿ. ಎಣ್ಣೆ, ಮಸಿ, ಕಿಟ್ಟ ಯಾವುದಕ್ಕೂ ಹೇಸದ ನನಗೆ ಈ ವಾಸನೆಯೊಂದು ಮಾತ್ರ ಇಷ್ಟು ವರ್ಷವಾದರೂ ಒಗ್ಗಿಲ್ಲ.

ನನ್ನ ಕೆಲಸ ಹಳೆಯ ಡೀಸೆಲ್ ರೈಲು ಇಂಜಿನ್‌ಗಳದ್ದು. ಪೀಣ್ಯದ ಒಂದು ಶೆಡ್ಡಿನಲ್ಲಿ ಅವುಗಳ ಮೋಟಾರು, ಜನರೇಟರ್ ಬಿಚ್ಚಿ ಹೊಸದಾಗಿ ಸುತ್ತಿ ಕಟ್ಟುತ್ತೇವೆ. ಮನೆ ಪಕ್ಕದ ರಾಜಗೋಪಾಲನಗರದಲ್ಲಿ, ನಡೆದೇ ಹೋಗುತ್ತೇನೆ. ಜನ ಕೇಳುತ್ತಾರೆ, ಡೀಸೆಲ್ ಇಂಜಿನ್ ಅಂದಮೇಲೆ ಮೋಟಾರು ಯಾಕೆ ಅಂತ. ಡೀಸೆಲ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ ಸ್ವಾಮಿ. ಅದು ಜನರೇಟರ್ ತಿರುಗಿಸುತ್ತದೆ, ಜನರೇಟರ್ ಕರೆಂಟು ಕೊಡುತ್ತದೆ, ಆ ಕರೆಂಟಿನಿಂದ ಒಂದೊಂದು ಅಚ್ಚಿನ ಮೇಲೂ ಕೂತ ಒಂದೊಂದು ಮೋಟಾರು ಚಕ್ರ ತಿರುಗಿಸುತ್ತದೆ. ಒಂದು ಸಣ್ಣ ಕಾರ್ಖಾನೆಯನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಗಾಡಿ. ದೊಡ್ಡ ಲೈನಿನಲ್ಲಿ ದುಡಿದು ಹಳತಾದ ಇಂತಹ ಇಂಜಿನ್‌ಗಳನ್ನು ಖಾಸಗಿ ಗೂಡ್ಸ್ ಯಾರ್ಡಿನವರು ತಂದು ವ್ಯಾಗನ್ ಎಳೆಯಲು ಇಟ್ಟುಕೊಂಡಿರುತ್ತಾರೆ. ಕೆಟ್ಟಾಗ ನಮ್ಮನ್ನು ಕರೆಯುತ್ತಾರೆ. ಕೆಡುವ ಮೊದಲು ಕರೆದವರನ್ನು ನಾನು ಇದುವರೆಗೆ ಕಂಡಿಲ್ಲ.

ಆ ಸಲ ಕರೆ ಬಂದದ್ದು ವೈಟ್‌ಫೀಲ್ಡ್ ಕಡೆಯ, ನಾನು ಹಿಂದೆಯೂ ಕೆಲಸ ಮಾಡಿದ್ದ ಒಂದು ಯಾರ್ಡಿನಿಂದ. ಪೀಣ್ಯದಿಂದ ಮಹದೇವಪುರ ದಾಟಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಬಸ್ಸಿನಲ್ಲೇ ಅರ್ಧ ಆಯುಷ್ಯ ಮುಗಿದಿತ್ತು. ಯಾರ್ಡಿನ ಗೋಡೆಗೆ ಅಂಟಿಕೊಂಡಂತೆ ಎದ್ದುನಿಂತ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಜನ ಮೂಗಿಗೆ ಬಟ್ಟೆ ಹಿಡಿದು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಕೆಳಗೆ ಇಂಜಿನ್ ನಿಂತಿತ್ತು. ಮೂರನೆಯ ಮೋಟಾರಿನ ಮೇಲೆ ಬಾಡಿಯ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು ಕಪ್ಪಾಗಿತ್ತು. ಸುತ್ತ ಮರಳು ಚೆಲ್ಲಿತ್ತು. ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳು ನಾಲ್ಕು ಬಿದ್ದಿದ್ದವು. ಎತ್ತಿ ನೋಡಿದೆ. ಎರಡು ಖಾಲಿ ಸಿಲಿಂಡರುಗಳ ಸೀಲು ಮುರಿದೇ ಇರಲಿಲ್ಲ. ಅಂದರೆ ಬಳಸಿ ಖಾಲಿಯಾದದ್ದಲ್ಲ, ಖಾಲಿಯೇ ಬಂದು ಗೋಡೆಗೆ ನೇತುಬಿದ್ದಿದ್ದವು. ಥೂ ಎಂದು ಅಲ್ಲೇ ಉಗಿದೆ.

ಬೆಂಕಿ ಆರಿಸಿದ್ದು ಇಂಜಿನ್ನಿನ ಡ್ರೈವರ್. ವಿಜಯಪುರ ಕಡೆಯವನು, ನಾಲ್ಕು ವರ್ಷದ ಮೇಲಾಯಿತು ಆ ಇಂಜಿನ್ ಓಡಿಸಲು ಹಿಡಿದು. ಸಿಲಿಂಡರು ಕೈಕೊಟ್ಟಾಗ ಬರಿಗೈಯಲ್ಲಿ ಮರಳು ಬಾಚಿ ಎರಚಿದ್ದಾನೆ. ಎಡಗೈ ಮಣಿಕಟ್ಟಿನವರೆಗೆ ಬ್ಯಾಂಡೇಜು ಸುತ್ತಿಕೊಂಡು ಟೀ ಅಂಗಡಿಯ ಕಲ್ಲಿನ ಮೇಲೆ ಕೂತಿದ್ದ.

"ಗಂಟಿ ಹೊಡೀಲಿಲ್ರೀ ಸಾಹೇಬ್ರ," ಎಂದ ನನ್ನನ್ನು ಕಂಡ ಕೂಡಲೇ. "ದೇವರಾಣಿ, ಗಂಟಿ ಹೊಡೀಲಿಲ್ಲ. ಹೊಡದಿದ್ರ ನಾ ನಿಲ್ಲಸ್ತಿದ್ದಿಲ್ಲೇನು?"

ಯಾರ್ಡಿನ ಮ್ಯಾನೇಜರ್ ನನ್ನನ್ನು ಎಸಿ ರೂಮಿಗೆ ಕರೆದುಕೊಂಡು ಹೋದ. ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ಫಳಫಳ ಹೊಳೆಯುವ ಸೇಫ್ಟಿ ಜಾಕೆಟ್. ಇಂಜಿನ್ನಿನ ಮೆಟ್ಟಿಲು ಹತ್ತಿದ ಗುರುತು ಅವನ ಶೂಗಳಿಗೆ ಇರಲಿಲ್ಲ.

"ಇದು ಕ್ಲಿಯರ್ ಹ್ಯಾಂಡ್ಲಿಂಗ್ ಇಶ್ಯೂ ಸಾರ್," ಎಂದ. "ಬ್ರೇಕ್ ಹಿಡ್ಕೊಂಡೇ ಪವರ್ ಕೊಟ್ಬಿಟ್ಟಿದಾನೆ. ನಿಮ್ಮ ರಿಪೋರ್ಟಲ್ಲಿ ಅದೊಂದು ಲೈನ್ ಬಂದ್ರೆ ಸಾಕು. ಅವನ ಕಾರ್ಡ್ ಕ್ಯಾನ್ಸಲ್ ಮಾಡ್ಬಿಟ್ಟು ಬೇರೆಯವನ್ನ ತಗೋತೀವಿ."

ಕಾರ್ಡ್ ಎಂದರೆ ಇಂಜಿನ್ ಓಡಿಸಲು ಇವನು ಯೋಗ್ಯ ಎಂದು ಬರೆದುಕೊಟ್ಟ ಪತ್ರ. ಅದು ರದ್ದಾದರೆ ಬೇರೆ ಯಾವ ಯಾರ್ಡಿನಲ್ಲೂ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಲವತ್ತು ದಾಟಿದ ಮನುಷ್ಯ, ಇನ್ನೊಂದು ಕೆಲಸ ಕಲಿತಿಲ್ಲ. ಕೈ ಸುಟ್ಟುಕೊಂಡು ಗಾಡಿ ಉಳಿಸಿದವನಿಗೆ ಸಿಗುತ್ತಿದ್ದ ಬಹುಮಾನ ಅದು. "ಬಿಚ್ಚಿ ನೋಡದೆ ನಾನೇನೂ ಬರೆಯಲ್ಲ," ಎಂದು ಎದ್ದು ಬಂದೆ. ಆಗ ನನಗೆ ನನ್ನ ಬಗ್ಗೆ ಭಾರಿ ಹೆಮ್ಮೆ ಇತ್ತು ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು.

ಡ್ರೈವರ್ ಹೇಳಿದ ಗಂಟೆಯ ವಿಷಯ ಇಷ್ಟು. ಮೋಟಾರಿನ ತಂತಿಯ ಹೊದಿಕೆ ಎಲ್ಲಾದರೂ ಒಡೆದು ಕರೆಂಟು ಇಂಜಿನ್ನಿನ ಮೈಗೆ ಸೋರಿದರೆ, ಒಂದು ಸಣ್ಣ ರಿಲೇ ಅದನ್ನು ಮೊದಲು ಕಂಡುಹಿಡಿಯುತ್ತದೆ. ಅಂಗೈಯಷ್ಟಗಲದ ವಸ್ತು. ಅದರ ಲೋಹದ ನಾಲಿಗೆ ಟಕ್ಕೆಂದು ಎಳೆದುಕೊಳ್ಳುತ್ತದೆ, ಗಂಟೆ ಬಾರಿಸುತ್ತದೆ, ಇಂಜಿನ್ ತಾನಾಗಿ ಶಕ್ತಿ ಇಳಿಸುತ್ತದೆ. ಆಗ ಡ್ರೈವರ್ ನಿಲ್ಲಿಸಬೇಕು, ಒಂದೊಂದೇ ಮೋಟಾರು ಬಿಡಿಸಿ ಯಾವುದು ಕೆಟ್ಟಿದೆ ಎಂದು ಹುಡುಕಬೇಕು. ಗಂಟೆ ಬಾರಿಸಿದ್ದರೆ ಕೆಟ್ಟ ಮೋಟಾರು ಕೆಟ್ಟ ಮೋಟಾರಾಗಿಯೇ ಉಳಿಯುತ್ತಿತ್ತು, ಬೆಂಕಿಯಾಗುತ್ತಿರಲಿಲ್ಲ.

ಗಂಟೆ ಸರಿಯಾಗಿಯೇ ಇತ್ತೆಂದು ತೋರಿಸಲು ಮ್ಯಾನೇಜರ್ ಇಂಜಿನ್ನಿನ ಲಾಗ್ ಪುಸ್ತಕ ತಂದು ನನ್ನ ಮುಂದೆ ಬಿಸಾಕಿದ. ಪ್ರತಿ ತಿಂಗಳು ಆ ರಿಲೇ ಪರೀಕ್ಷೆ ಮಾಡಿ ಬರೆಯಬೇಕೆಂದು ಅದರಲ್ಲಿ ಒಂದು ಕಾಲಂ ಇದೆ. ಪುಟ ಮಗುಚಿದೆ. "ಚೆಕ್ ಮಾಡಿದೆ, ಸರಿ ಇದೆ." ಮತ್ತೊಂದು ಪುಟ, "ಚೆಕ್ ಮಾಡಿದೆ, ಸರಿ ಇದೆ." ಮೇಂಟೆನೆನ್ಸಿನವರು ಎಷ್ಟು ಬಾರಿ ಬದಲಾಗಿದ್ದಾರೋ ಅಷ್ಟು ಬಗೆಯ ಸಹಿಗಳು, ಮಾತು ಮಾತ್ರ ಒಂದೇ. ಒಬ್ಬ ಪುಣ್ಯಾತ್ಮ ಮುಂದಿನ ತಿಂಗಳಿನದನ್ನೂ ಬರೆದಿಟ್ಟು ಹೋಗಿದ್ದ. ನಮ್ಮ ಕಸುಬಿನಲ್ಲಿ ನನಗೆ ಅತಿ ಹೆಚ್ಚು ಅಸಹ್ಯವೆನಿಸುವ ಮಾತು ಇದು. ರಿಲೇ ಇರುವ ಪ್ಯಾನೆಲ್ ಪೆಟ್ಟಿಗೆಯ ಬಾಗಿಲಿನ ಮುಂದೆ ನಿಂತು, ಬೀಡಿ ಸೇದಿ, ಬಾಗಿಲಿಗೆ ಬೆನ್ನು ಉಜ್ಜಿಕೊಂಡು ಬರೆದ ಮಾತು. ಅವತ್ತು ಆ ಸಹಿಗಳಲ್ಲಿ ಒಬ್ಬೊಬ್ಬನನ್ನೂ ನಾನು ಬಾಯಿ ತುಂಬ ಬೈದೆ.

ಮೋಟಾರು ಇಳಿಸಲು ಎರಡು ದಿನ ಹಿಡಿಯಿತು. ಇಂಜಿನ್ನಿನ ಹೊಟ್ಟೆಯ ಕೆಳಗೆ ಮಲಗಿದವರಿಗೇ ಗೊತ್ತು ಅಲ್ಲಿನ ಸಿಂಗಾರ. ಮೇಲಿನಿಂದ ಹೊಚ್ಚ ಹೊಸ ಬಣ್ಣ, ಹಳದಿ ಪಟ್ಟೆ, ಮೂಗಿನ ಮೇಲೆ ಕಂಪನಿಯ ಸ್ಟಿಕರ್. ಕೆಳಗೆ ಬೆರಳು ಹೂತುಹೋಗುವಷ್ಟು ಎಣ್ಣೆ ಕೆಸರು, ಅದರಲ್ಲಿ ಗುಟ್ಕಾ ಚೀಟಿ, ಪೇಪರ್ ಲೋಟ, ಒಂದು ಸತ್ತ ಹೆಗ್ಗಣ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್ ಎಂದು ಬರುವವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಫೋಟೋದಲ್ಲಿ ಹೊಟ್ಟೆ ಕಾಣುವುದಿಲ್ಲ. ಮೋಟಾರಿನ ಒಂದು ಕೇಬಲ್ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಹೊದಿಕೆ ಕಳೆದುಕೊಂಡು ತಾಮ್ರ ಹೊರಗೆ ಹಾಕಿತ್ತು. ವಯಸ್ಸಾದ ಗಾಡಿಗೆ ಬರುವ ಸಹಜ ಕಾಯಿಲೆ. ಡ್ರೈವರಿನ ಕೈಗೂ ಅದಕ್ಕೂ ಸಂಬಂಧವೇ ಇಲ್ಲ. ಬ್ರೇಕ್ ಹಿಡಿದು ಎಳೆದಿದ್ದರೆ ಚಕ್ರದ ಮೇಲೆ ಗುರುತು ಬಿದ್ದಿರುತ್ತಿತ್ತು, ಚಕ್ರ ಚೆನ್ನಾಗಿತ್ತು.

ಉಳಿದದ್ದು ಒಂದೇ ಪ್ರಶ್ನೆ, ಗಂಟೆ ಯಾಕೆ ಬಾರಿಸಲಿಲ್ಲ?

ಮೂರನೆಯ ದಿನ ಬೆಳಿಗ್ಗೆ ಕ್ಯಾಬಿನ್ ಹಿಂದಿನ ಪ್ಯಾನೆಲ್ ಬಾಗಿಲ ಮುಂದೆ ನಿಂತೆ. ಮೂರು ಪದರ ಬಣ್ಣ ಬಳಿದು ಬಾಗಿಲಿನ ಸಂದನ್ನೇ ಮುಚ್ಚಿಹಾಕಿದ್ದರು. ಚಾಕು ಹಾಕಿ ಸೀಳಿ, ಸ್ಕ್ರೂ ತಲೆಗಳನ್ನು ಕೆರೆದು ತೆಗೆಯಬೇಕಾಯಿತು. ಬಾಗಿಲ ಮೂಲೆಯಲ್ಲಿ ಊದಿನಕಡ್ಡಿಯ ಬೂದಿ, ಕುಂಕುಮ. ಒಳಗೆ ಇಲಿ ಗೂಡು ಕಟ್ಟಿತ್ತು. ರಿಲೇಯ ನಾಲಿಗೆಯನ್ನು ಬೆರಳಿನಿಂದ ಒತ್ತಿದೆ. ಒತ್ತಿದರೆ ಗಂಟೆ ಬಾರಿಸಬೇಕು. ನಾಲಿಗೆ ಅಲ್ಲಾಡಲಿಲ್ಲ. ಇನ್ನೊಮ್ಮೆ ಬಲವಾಗಿ ಒತ್ತಿದೆ. ಕಲ್ಲು.

ಟಾರ್ಚು ಬಿಟ್ಟು ನೋಡಿದರೆ ನಾಲಿಗೆಯ ಸಂದಿಯಲ್ಲಿ ಯಾರೋ ಒಂದು ಬೆಣೆ ಹೊಡೆದಿದ್ದರು. ರಿಲೇ ಅಲುಗದಂತೆ, ಗಂಟೆ ಬಾರಿಸದಂತೆ, ಗಾಡಿ ನಿಲ್ಲದಂತೆ. "ಯಾವನೋ ಇವ್ನು, ಮನೆ ಹಾಳ!" ಎಂದು ಜೋರಾಗಿಯೇ ಕೂಗಿದೆ. ಇಂತಹ ಕೆಲಸ ಮಾಡಿದವನ ಕೈ ಮುರಿಯಬೇಕು ಅಂದೆ. ಇಕ್ಕಳ ಹಾಕಿ ಎಳೆದೆ. ಬೆಣೆ ಸಲೀಸಾಗಿ ಬಂತು. ಸಲೀಸಾಗಿ ಬರಲೆಂದೇ ಅದರ ಒಂದು ಮೂಲೆಯನ್ನು ಅರದಿಂದ ಉಜ್ಜಿ ಇಳಿಜಾರು ಮಾಡಿದ್ದರು. ಹಳೆಯ ಸ್ವಿಚ್ಚುಗಳಲ್ಲಿರುವಂಥ ಗಟ್ಟಿ ಕಂದು ಬೇಕಲೈಟ್ ಚೂರು, ತುದಿಯಲ್ಲಿ ಸಣ್ಣ ತೂತು, ತೂತಿನಲ್ಲಿ ಎರಡು ಗಂಟಿನ ಕೆಂಪು ದಾರ.

ಅದು ನನ್ನದು.

ಬೆಣೆ ಹೊಡೆಯದ ಫಿಟ್ಟರ್ ಇಲ್ಲ, ಹೊಡೆದಿಲ್ಲವೆಂದು ಎದೆ ತಟ್ಟಿ ಹೇಳುವವನು ಸುಳ್ಳುಗಾರ. ರಿಲೇಯನ್ನು ಬಿಡಿಸಲು ನಿಯಮದ ಪ್ರಕಾರ ಒಂದು ಸ್ವಿಚ್ ಇದೆ, ಆದರೆ ಅದಕ್ಕೆ ಸೀಸದ ಸೀಲು ಒತ್ತಿರುತ್ತಾರೆ. ಸೀಲು ಮುರಿದರೆ ಯಾಕೆ ಮುರಿದೆ ಎಂದು ಬರೆದುಕೊಡಬೇಕು. ಬೆಣೆಗೆ ಯಾವ ಬರವಣಿಗೆಯೂ ಬೇಡ. ಆದರೆ ಬೆಣೆ ಹೊಡೆಯುವವರಲ್ಲೂ ಒಂದು ಕಟ್ಟಳೆ ಇತ್ತು. ಬೆಣೆಗೆ ಕೆಂಪು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಪ್ಯಾನೆಲ್ ಬಾಗಿಲ ಹೊರಗೆ ಇಳಿಬಿಡಬೇಕು. ಮುಂದಿನವನು ದಾರ ಕಂಡರೆ ಒಳಗೆ ಬೆಣೆ ಇದೆ ಎಂದು ತಿಳಿಯಬೇಕು. ನನಗೆ ಕಲಿಸಿದವರು ಅದನ್ನೇ ಕಲಿಸಿದ್ದರು, ನಾನೂ ಹತ್ತಾರು ಜನಕ್ಕೆ ಅದನ್ನೇ ಕಲಿಸಿದ್ದೆ. ಮೂಲೆ ಉಜ್ಜಿ ಎರಡು ಗಂಟು ಹಾಕುವುದು ಮಾತ್ರ ನನ್ನೊಬ್ಬನದೇ ರೂಢಿ. ದಾರ ಇಲ್ಲದೆ ಬೆಣೆ ಹೊಡೆದವನನ್ನು ನಾನು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಳೆಗಾಲ. ಇದೇ ಇಂಜಿನ್ನಿನ ಗಂಟೆ ಸುಮ್ಮಸುಮ್ಮನೆ ಬಾರಿಸುತ್ತಿತ್ತು. ತೇವ ಎಲ್ಲೋ ಸೇರಿತ್ತು, ಹುಡುಕಲು ಒಂದಿಡೀ ದಿನ ಬೇಕಿತ್ತು. ಹೊರಗೆ ವ್ಯಾಗನ್ನುಗಳು ಸಾಲುಗಟ್ಟಿದ್ದವು, ಆಗಿನ ಮ್ಯಾನೇಜರ್ ತಲೆಯ ಮೇಲೆ ನಿಂತಿದ್ದ. ಇವತ್ತೊಂದು ದಿನ ಎಂದುಕೊಂಡು ಬೆಣೆ ಹೊಡೆದೆ. ದಾರ ಹೊರಗೆ ಬಿಟ್ಟೆ. ಈ ಡ್ರೈವರ್ ಆಗ ಹೊಸಬ. ಬಾಗಿಲು ತೆಗೆದು ಇಣುಕಿ, "ಇದೇನ್ರೀ ಇದು, ಕೆಂಪು ದಾರ?" ಎಂದು ಕೇಳಿದ್ದ. ನಾನು ಬಾಗಿಲು ಪಟ್ಟನೆ ಮುಚ್ಚಿ, "ನೀನು ಓಡ್ಸೋದಷ್ಟೇ ನೋಡು ಗುರು. ಇದನ್ನ ಮುಟ್ಟೋಕೆ ನಾವಿದೀವಿ," ಎಂದು ಗದರಿದ್ದೆ. ಪಾಪ, ಅಂದಿನಿಂದ ಅವನು ಆ ಬಾಗಿಲನ್ನು ತೆಗೆಯಲಿಲ್ಲ.

ಮಾರನೆಯ ದಿನ ಇನ್‌ಸ್ಪೆಕ್ಷನ್ ಇತ್ತು. ಬಣ್ಣ ಬಳಿಯುವವರು ಬಂದಿದ್ದರು. ಆಗಿನ ಆ ಮ್ಯಾನೇಜರ್ ದಾರ ನೋಡಿ, "ಏನ್ರೀ ಇದು, ಉಡಿದಾರದ ಥರ ನೇತಾಡ್ತಿದೆ," ಎಂದು ನಕ್ಕ. ನಾನು ಬೆಣೆ ತೆಗೆಯಲಿಲ್ಲ. ಸಾಹೇಬರ ಮುಂದೆ ಗಂಟೆ ಬಾರಿಸಿದರೆ ಮಾನ ಹೋಗುತ್ತದೆಂದು ದಾರವನ್ನು ಬೆರಳಿನಿಂದ ಒಳಗೆ ತಳ್ಳಿದೆ. ಇನ್‌ಸ್ಪೆಕ್ಷನ್ ಮುಗಿದ ಮೇಲೆ ತೆಗೆದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಪೀಣ್ಯದಿಂದ ಫೋನು ಬಂತು, ಇನ್ನೊಂದು ಕೆಲಸಕ್ಕೆ ಓಡಿದೆ. ಬಾಗಿಲ ಮೇಲೆ ಬಣ್ಣ ಬಿತ್ತು. ಆಮೇಲೆ ಎರಡು ಸಲ ಆ ಯಾರ್ಡಿಗೆ ಹೋಗಿದ್ದೇನೆ, ಎರಡೂ ಸಲ ಡೀಸೆಲ್ ಪಂಪಿನ ಕೆಲಸ. ಬೆಣೆ ನೆನಪಿಗೇ ಬರಲಿಲ್ಲ.

ಪ್ಯಾನೆಲ್ ಮುಂದೆ ಕೂತು ಲಾಗ್ ಪುಸ್ತಕವನ್ನು ಹಿಂದಕ್ಕೆ ಮಗುಚುತ್ತ ಹೋದೆ. ಆ ಮಳೆಗಾಲದ ಪುಟ ಸಿಕ್ಕಿತು. "ಚೆಕ್ ಮಾಡಿದೆ, ಸರಿ ಇದೆ." ದುಂಡನೆಯ ಅಕ್ಷರ, ಕೆಳಗೆ ನನ್ನ ಸಹಿ. ಆಮೇಲಿನವರೆಲ್ಲ ನನ್ನನ್ನೇ ನೋಡಿ ಬರೆದುಕೊಂಡಿದ್ದರು. ಮೂರು ದಿನದಿಂದ ಬೈದ ಬೈಗುಳವೆಲ್ಲ ವಾಪಸ್ ಬಂದು ನನ್ನ ಮುಖಕ್ಕೇ ಬಿತ್ತು.

ಡ್ರೈವರ್ ಮೆಟ್ಟಿಲ ಕೆಳಗೆ ಬಲಗೈಯಲ್ಲಿ ಟೀ ಹಿಡಿದು ನಿಂತಿದ್ದ. "ಏನರ ಸಿಕ್ತೇನ್ರೀ?" ಎಂದ.

"ನೋಡ್ತಾ ಇದೀನಿ," ಎಂದೆ. ಬೆಣೆ ನನ್ನ ಜೇಬಿನಲ್ಲಿತ್ತು. ಅವನು ನನಗೆಂದು ತಂದ ಆ ಟೀಯನ್ನೂ ಕುಡಿದೆ. ಇದನ್ನು ಬರೆಯುವಾಗಲೂ ಆ ಟೀ ಗಂಟಲಿಗೆ ಬಂದಂತಾಗುತ್ತದೆ.

ಸಂಜೆ ಬಸ್ಸಿನಲ್ಲಿ ಕುಂದಲಹಳ್ಳಿ ದಾಟುವ ಹೊತ್ತಿಗೆ ಒಂದು ಒಳ್ಳೆಯ ಉಪಾಯ ಹೊಳೆಯಿತು. ಹೇಡಿಗಳಲ್ಲಿ ಉಪಾಯಗಳಿಗೇನು ಬರ. ರಿಲೇಯಲ್ಲಿ ಬೆಣೆ ಸಿಕ್ಕಿತು, ಯಾರು ಹೊಡೆದರೋ ಗೊತ್ತಿಲ್ಲ ಎಂದು ಬರೆದರೆ ಆಯಿತು. ಸುಳ್ಳೂ ಹೆಚ್ಚಿಲ್ಲ, ಡ್ರೈವರೂ ಉಳಿಯುತ್ತಾನೆ, ನನ್ನ ಮಾನವೂ ಉಳಿಯುತ್ತದೆ. ಮರುದಿನ ಮ್ಯಾನೇಜರ್ ಮುಂದೆ ಬೆಣೆ ಇಟ್ಟು ಹಾಗೆಯೇ ಹೇಳಿದೆ. ಅವನ ಮುಖ ಅರಳಿತು.

"ಸೂಪರ್ ಸಾರ್! ಹಂಗಾದ್ರೆ ಅವನೇ ಹಾಕಿರೋದು. ಇನ್ಯಾರು? ದಿನಾ ಅಲ್ಲೇ ಕೂತಿರೋನು ಅವನು ತಾನೇ? ಗಂಟೆ ಕಿರಿಕಿರಿ ಅಂತ ಹಾಕ್ಕೊಂಡಿದಾನೆ. ಇದು ಹ್ಯಾಂಡ್ಲಿಂಗ್‌ಗಿಂತ ಸೀರಿಯಸ್ ಆಯ್ತು. ಕಾರ್ಡ್ ಏನು, ಪೊಲೀಸ್ ಕಂಪ್ಲೇಂಟೇ ಕೊಡ್ಬೋದು."

ಅವನು ಆಗಲೇ ಬೆಣೆಯ ಫೋಟೋ ತೆಗೆಯಲು ಮೊಬೈಲ್ ಎತ್ತಿದ್ದ. ಗಾಜಿನ ಆಚೆ ಡ್ರೈವರ್ ಟೀ ಅಂಗಡಿಯ ಕಲ್ಲಿನ ಮೇಲೆ ಕೂತಿದ್ದ, ಬ್ಯಾಂಡೇಜಿನ ಅಂಚನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿಕೊಳ್ಳುತ್ತಿದ್ದ. ಒಳ್ಳೆಯತನದಿಂದ ಅಲ್ಲ, ಅದನ್ನು ನೋಡಲಾಗದೆ ನಾನು ಬಾಯಿ ಬಿಟ್ಟೆ.

"ಅದು ನಂದು. ನಾಲ್ಕು ವರ್ಷದ ಹಿಂದೆ ನಾನೇ ಹೊಡೆದಿದ್ದು."

ಮ್ಯಾನೇಜರ್ ಮೊಬೈಲ್ ಕೆಳಗಿಟ್ಟ. ಎದ್ದು ಹೋಗಿ ಬಾಗಿಲು ಮುಚ್ಚಿದ. "ಸಾರ್, ನೀವ್ಯಾಕೆ ತಲೆ ಕೆಡಿಸ್ಕೋತೀರಾ? ನೀವು ಹೇಳಿಲ್ಲ, ನಾನು ಕೇಳಿಲ್ಲ. ನಿಮ್ಮ ಶೆಡ್ಡಿನ ಹೆಸರು ಹಾಳಾಗೋದು ನಂಗೂ ಇಷ್ಟ ಇಲ್ಲ." ಎಷ್ಟು ಪ್ರೀತಿಯಿಂದ ಹೇಳಿದನೆಂದರೆ, ಒಂದು ಕ್ಷಣ ಒಪ್ಪಿಬಿಡೋಣ ಅನ್ನಿಸಿತು. ಅನ್ನಿಸಿದ್ದು ನಿಜ, ಮುಚ್ಚಿಡುವುದಿಲ್ಲ. ಹೇಸಿಗೆ ಅವನ ಮೇಲೆ ಎಷ್ಟಾಯಿತೋ ನನ್ನ ಮೇಲೆ ಅದರ ಎರಡರಷ್ಟಾಯಿತು. ಲಾಗ್ ಪುಸ್ತಕ ಎಳೆದುಕೊಂಡು, ಆ ಹಳೆಯ ಪುಟ ತೆಗೆದು, ನನ್ನ ಸಾಲಿನ ಕೆಳಗೇ ಬರೆದೆ. ಚೆಕ್ ಮಾಡಿರಲಿಲ್ಲ. ಸರಿ ಇರಲಿಲ್ಲ. ಬೆಣೆ ಹೊಡೆದವನು ನಾನು, ದಾರ ಒಳಗೆ ತಳ್ಳಿದವನು ನಾನು, ಡ್ರೈವರಿಗೆ ತಿಳಿದಿರಲಿಲ್ಲ. ಸಹಿ ಹಾಕಿ, ಆ ಪುಟದ ಫೋಟೋ ತೆಗೆದುಕೊಂಡೆ. ಅವರ ಆಟ ನನಗೂ ಬರುತ್ತದೆ.

ಆಮೇಲೆ ಹೊರಗೆ ಹೋಗಿ ಡ್ರೈವರಿಗೆ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಬೆಣೆಯನ್ನು ಬಲಗೈಯ ಮೇಲಿಟ್ಟುಕೊಂಡು ದಾರದ ಗಂಟನ್ನು ಹೆಬ್ಬೆರಳಿನಿಂದ ಉಜ್ಜಿದ.

"ನಾಕು ವರ್ಷ ಗಂಟಿ ಹೊಡೀಲಿಲ್ಲಂದ್ರ ಎಲ್ಲಾ ಚಂದ ಐತಿ ಅಂತ ತಿಳಕೊಂಡಿದ್ನಲ್ರೀ," ಎಂದ. "ದಿನಾ ಆ ಬಾಗಲಕ್ಕ ಊದಿನಕಡ್ಡಿ ಹಚ್ಚತಿದ್ದೆ."



ಅವನ ಕಾರ್ಡ್ ಉಳಿಯಿತು. ನಮ್ಮ ಯಜಮಾನರು ನನ್ನನ್ನು ಶೆಡ್ಡಿನ ನಡುವೆ ನಿಲ್ಲಿಸಿ ಎಲ್ಲರ ಮುಂದೆ ಉಗಿದರು, ಉಗಿಯಲೇಬೇಕಿತ್ತು. ಇನ್ನು ಮುಂದೆ ಪ್ಯಾನೆಲ್ ಕೆಲಸ ಮುಗಿದ ಮೇಲೆ ನಿನ್ನ ಸಹಿಯೊಂದು ಸಾಲದು, ಇನ್ನೊಬ್ಬರು ನೋಡಿ ಸಹಿ ಹಾಕಬೇಕು ಎಂದರು. ನಾನು ಯಾರಿಗೆ ಕೆಲಸ ಕಲಿಸಿದ್ದೆನೋ ಅವರೇ ಈಗ ನನ್ನ ಹಿಂದೆ ನಿಂತು ಸಹಿ ಹಾಕುತ್ತಾರೆ.

ಮೋಟಾರನ್ನು ಪೀಣ್ಯಕ್ಕೆ ತಂದು ನಾನೇ ಸುತ್ತಿದೆ. ಹಳೆಯ ತಂತಿ ಕಿತ್ತು, ಸುಟ್ಟ ಕಿಟ್ಟ ಕೆರೆದು, ಹೊಸ ಪಟ್ಟಿ ಸುತ್ತಿ, ಒಲೆಯಲ್ಲಿ ಒಣಗಿಸಿ, ಮತ್ತೆ ವೈಟ್‌ಫೀಲ್ಡಿಗೆ ಒಯ್ದು ಅಚ್ಚಿನ ಮೇಲೆ ಕೂರಿಸಿದೆವು. ಕೇಬಲ್ಲುಗಳನ್ನೆಲ್ಲ ಬದಲಿಸಿದೆವು. ಹೊಟ್ಟೆಯ ಕೆಸರನ್ನು ನಾನೇ ಮಲಗಿ ಕೆರೆದೆ, ಹೆಗ್ಗಣ ಸಮೇತ. ರಿಲೇಯನ್ನು ಮೂರು ಸಲ ಪರೀಕ್ಷೆ ಮಾಡಿದೆ. ಮೂರು ಸಲವೂ ಗಂಟೆ ಯಾರ್ಡೆಲ್ಲ ಕೇಳುವಂತೆ ಬಾರಿಸಿತು. ಬಾಲ್ಕನಿಯಿಂದ ಯಾರೋ ಬೈದರು.

ಗಾಡಿ ಹೊರಡಿಸುವ ದಿನ ಡ್ರೈವರ್ ಬಂದ. ಬ್ಯಾಂಡೇಜು ಬಿಚ್ಚಿದ್ದ, ಎಡಗೈಯ ಹೊಸ ಚರ್ಮ ತೆಳುವಾಗಿ, ಗುಲಾಬಿಯಾಗಿ ಮಿನುಗುತ್ತಿತ್ತು. ಕ್ಯಾಬಿನ್ ಹತ್ತಿದ. ನಾನು ಲಾಗ್ ಪುಸ್ತಕ ಅವನ ಕಡೆ ಚಾಚಿ, "ಚೆಕ್ ಮಾಡಿದೀನಿ, ಸರಿ..." ಎಂದೆ.

ನನ್ನ ಮಾತು ಮುಗಿಯುವ ಮೊದಲೇ ಅವನು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಪ್ಯಾನೆಲ್ ಬಾಗಿಲು ತೆಗೆದು, ಸುಟ್ಟ ಕೈಯ ಬೆರಳನ್ನು ರಿಲೇಯ ನಾಲಿಗೆಯ ಮೇಲಿಟ್ಟು ತಾನೇ ಒತ್ತಿದ.